20 ಕಳೆಯಲಿ

ಗಾಂಧಿ ಬಜಾರಿನ ಅಂಗಡಿಗಳ ಮೇಲಿನ ಮಹಡಿಯಲ್ಲೋ ಚಾಮರಾಜಪೇಟೆಯ ಅಡ್ಡರಸ್ತೆಯಲ್ಲೋ ಇರುವ ಆಡಿಟರ್ ಕಚೇರಿಗೆ ತಿಂಗಳಲ್ಲಿ ಎರಡು ತಾರೀಕು ಮುಖ್ಯ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಸಲ್ಲಿಸಬೇಕು. ಆ ದಿನಗಳಲ್ಲಿ ಲೆಕ್ಕ ಬರೆಯುವ ಹುಡುಗ ‘ಸಾರ್, ಸಾಫ್ಟ್‌ವೇರಿನ ಹೊಸ ರಿಲೀಸ್ ಬಂದಿದೆ, ಹಾಕ್ಬಿಡ್ಲಾ?’ ಎಂದರೆ ಸಿಗುವ ಉತ್ತರ ಒಂದೇ: ‘ಸುಮ್ನಿರಪ್ಪ, ಇಪ್ಪತ್ತು ಕಳೀಲಿ.’ ಕಂಪ್ಯೂಟರ್ ಓದಿದವರಿಗೆ ಇದು ಹಳೇ ಕಾಲದವರ ಅಂಜಿಕೆಯಂತೆ ಕಂಡೀತು. ನನಗಂತೂ ಇದರಲ್ಲಿ ವಿವೇಕವೇ ಕಾಣುತ್ತದೆ. ಕಾಯುತ್ತೇವೆ ಎಂದಷ್ಟೇ ಹೇಳದೆ, ಎಲ್ಲಿಯವರೆಗೆ ಎಂದೂ ಹೇಳಿದ್ದಾರಲ್ಲ.

ಅಂಜಿಕೆಗೆ ಕಾರಣವೂ ಉಂಟು. ಬಿಟ್ಟ ತಂತ್ರಾಂಶದಲ್ಲಿ ಆಮೇಲೆ ಸಿಕ್ಕ ತಪ್ಪುಗಳನ್ನೆಲ್ಲ ಸರಿಪಡಿಸಿ ಒಂದೇ ಗಂಟಾಗಿ ಕೊಡುವುದು ಸರ್ವಿಸ್ ಪ್ಯಾಕ್. ಆ ಗಂಟಿನಲ್ಲೇ ಹೊಸ ತಪ್ಪು ಸೇರಿಕೊಳ್ಳುವುದೂ ಇದೆ. 1999ರ ಕೊನೆಯಲ್ಲಿ, ಇಸವಿ 2000 ಬಂದರೆ ಕಂಪ್ಯೂಟರುಗಳು ಕೆಟ್ಟಾವೆಂಬ ವೈ2ಕೆ ಗಾಬರಿಯ ನಡುವೆ, ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿ 4ಕ್ಕೆ ಸರ್ವಿಸ್ ಪ್ಯಾಕ್ 6 ಬಿಟ್ಟಿತು. ಅದನ್ನು ಹಾಕಿಕೊಂಡ ಕಚೇರಿಗಳಲ್ಲಿ ಅಡ್ಮಿನಿಸ್ಟ್ರೇಟರ್ ಅಲ್ಲದವರಿಗೆ ಲೋಟಸ್ ನೋಟ್ಸ್‌ನಂಥ ತಂತ್ರಾಂಶಗಳು ಕೈಕೊಟ್ಟವು. ಕೆಲವೇ ವಾರಗಳಲ್ಲಿ ‘6ಎ’ ಬಂತು. ತಾಳಿ ಕೂತವರು ನೇರವಾಗಿ 6ಎ ಹಾಕಿಕೊಂಡು ನೆಮ್ಮದಿಯಾಗಿದ್ದರು.

ತಾಳಿದವನು ಬಾಳಿಯಾನು ಎಂಬುದು 2017ರಲ್ಲಿ ತಲೆಕೆಳಗಾಯಿತು. ವಿಂಡೋಸ್‌ನ ಒಂದು ದೊಡ್ಡ ಬಿರುಕಿಗೆ ಮಾರ್ಚ್ 14ರಂದೇ ತೇಪೆ ಬಂದಿತ್ತು. ‘ನೋಡೋಣ’ ಎಂದು ಕೂತ ಸಾವಿರಾರು ಕಂಪ್ಯೂಟರುಗಳ ಮೇಲೆ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಎರಗಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸುವಂತಾಯಿತು. ತೇಪೆಗೂ ದಾಳಿಗೂ ನಡುವೆ ಸುಮಾರು ಎರಡು ತಿಂಗಳು ಸಮಯವಿತ್ತು. ಅಷ್ಟರಲ್ಲಿ ಎರಡು 20ನೇ ತಾರೀಕು ಕಳೆದೇ ಹೋಗುತ್ತವೆ.

ಆವೃತ್ತಿಯನ್ನೇ ಬದಲಿಸುವಾಗ ಪ್ರಶ್ನೆ ಇನ್ನಷ್ಟು ಸಿಕ್ಕಾಗುತ್ತದೆ. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ನಮ್ಮೂರಿನದೇ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಬೆಂಗಳೂರಿನಲ್ಲಿ ಶುರುಮಾಡಿದ್ದು, ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದೆ. 2020ರ ನವೆಂಬರಿನಲ್ಲಿ ಟ್ಯಾಲಿ ಪ್ರೈಮ್ ಬಂದಾಗ ಹಿಂದಿನ ಆವೃತ್ತಿ ಇಆರ್‌ಪಿ 9ಕ್ಕೆ ಒಗ್ಗಿದ್ದ ಬೆರಳುಗಳೆಲ್ಲ ಗೊಣಗಿದವು. ಇಂಥ ದೊಡ್ಡ ಬದಲಾವಣೆ ಅರ್ಧ ಆಗಿರುವಾಗಲೇ ಇನ್ನೊಂದು ತಿದ್ದುಪಡಿ ಬಂದರೆ? ಪರೀಕ್ಷೆ ಶುರುವಾಗುವ ಮೊದಲೇ ಬಂದಿದ್ದರೆ ಸೇರಿಸಿಕೊಂಡುಬಿಡುವುದು ಮೇಲು. ಎರಡಕ್ಕೂ ಒಂದೇ ಪರೀಕ್ಷೆ ಸಾಕು. ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿ, ಸ್ಟಾಕ್ ಒಪ್ಪಿಸಿ, ಬಿಲ್ ಪ್ರಿಂಟ್ ತೆಗೆದು ಎಲ್ಲ ಮುಗಿದ ಮೇಲೆ ಬಂದರೆ ಮುಟ್ಟಬಾರದು. ಮುಟ್ಟಿದರೆ ನೀವು ಪರೀಕ್ಷಿಸಿದ್ದು ಒಂದು, ಸೋಮವಾರ ಗಲ್ಲಾಪೆಟ್ಟಿಗೆಯ ಪಕ್ಕ ಓಡುವುದು ಇನ್ನೊಂದು. ಎಡವಟ್ಟಾದರೆ ಯಾವುದರಿಂದ ಎಂದು ಹೇಳಲು ಬ್ರಹ್ಮನಿಗೂ ಆಗದು.

ದೊಡ್ಡ ಕಂಪನಿಗಳಲ್ಲಿ ಇಂಥದ್ದನ್ನು ತೀರ್ಮಾನಿಸಲೆಂದೇ ಸಮಿತಿಗಳಿವೆ. ಮಲ್ಲೇಶ್ವರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಮಿತಿಯೆಂದರೆ ಯಜಮಾನರು, ಅವರ ಸೊಸೆ, ವಾರಕ್ಕೊಮ್ಮೆ ಬರುವ ಅಕೌಂಟೆಂಟ್. ಅಲ್ಲಿನ ನಿಜವಾದ ತೊಡಕು ಟ್ಯಾಲಿ ಅಲ್ಲ, ಅದರ ಮೇಲೆ ಅಂಟಿಸಿದ ಟಿಡಿಎಲ್ ಎಂಬ ಹೆಚ್ಚುವರಿ ಪ್ರೋಗ್ರಾಂ. ಬಿಲ್ಲಿನಲ್ಲಿ ಅಂಗಡಿಯ ಹೆಸರು ಹೀಗೇ ಬರಬೇಕು, ಲಾರಿ ನಂಬರು ಇಲ್ಲೇ ಕೂರಬೇಕು ಎಂದು ಯಾವಾಗಲೋ ಬರೆಸಿಕೊಂಡದ್ದು. ಬರೆದುಕೊಟ್ಟ ಹುಡುಗ ಈಗ ವೈಟ್‌ಫೀಲ್ಡಿನಲ್ಲಿ ಕೆಲಸದಲ್ಲಿದ್ದಾನೆ, ಫೋನೆತ್ತುವುದಿಲ್ಲ. ಹೊಸ ರಿಲೀಸಿನಲ್ಲಿ ಲೆಕ್ಕವೆಲ್ಲ ಸರಿ ಬಂದು ಬಿಲ್ ಮಾತ್ರ ಸೊಟ್ಟಗೆ ಬರುವುದು ಹೀಗೆ. ಬ್ಯಾಕಪ್ ಇದೆಯಲ್ಲ ಎನ್ನುತ್ತಾರೆ. ಪೆನ್‌ಡ್ರೈವಿನಲ್ಲಿರುವುದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆ ತಾನೇ ಅದು ಬ್ಯಾಕಪ್? ಹೊಸ ಆವೃತ್ತಿಗೆ ಒಮ್ಮೆ ಬದಲಾದ ಡೇಟಾ ಹಳೆಯದರಲ್ಲಿ ತೆರೆಯದ ತಂತ್ರಾಂಶಗಳೇ ಹೆಚ್ಚು.

ಕೆಲವೊಮ್ಮೆ ಆಯ್ಕೆಯೇ ಇರುವುದಿಲ್ಲ. ಕಂಪನಿಯಾಗಿ ನೋಂದಾಯಿತವಾದವರು 2023ರ ಏಪ್ರಿಲ್ 1ರಿಂದ, ನಮೂದುಗಳಲ್ಲಿ ಮಾಡಿದ ಪ್ರತಿ ತಿದ್ದುಪಡಿಯನ್ನೂ ದಾಖಲಿಸಿಕೊಳ್ಳುವ ತಂತ್ರಾಂಶವನ್ನೇ ಬಳಸಬೇಕೆಂದು ಕಾನೂನು ಬಂತು. ಅಲ್ಲಿ ನೋಡೋಣ ಎನ್ನಲು ಬರುವುದಿಲ್ಲ. ಪಾಲುದಾರಿಕೆಯ ಅಂಗಡಿಗಳು ಅದರಿಂದ ಪಾರಾದವು. ಮಾರ್ಚ್ ಕೊನೆಯಲ್ಲಿ ಹಿಂದಿನ ತಾರೀಕು ಹಾಕಿ ವೋಚರ್ ತಿದ್ದುವ ಅಭ್ಯಾಸವಿದ್ದವರಿಗೆ ಒಳಗೊಳಗೇ ಖುಷಿಯಾಗಿರಬೇಕು.

ಈಗೀಗ ತಂತ್ರಾಂಶ ನಮ್ಮ ಅಪ್ಪಣೆಗೆ ಕಾಯುವುದೂ ಕಡಿಮೆಯಾಗಿದೆ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್ ಯಾರನ್ನೂ ಕೇಳದೆ ಇಳಿದು ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ಮಲಗಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಹೀಗೇ ತಾನಾಗಿ ಬದಲಾಗುವ ಆನ್‌ಲೈನ್ ಬಿಲ್ಲಿಂಗ್ ಮಾರಲು ಟೈ ಕಟ್ಟಿ ಬರುವ ತರುಣರನ್ನು ಅಂಗಡಿಯವರು ತಿಂಗಳ ಬಾಡಿಗೆ ಎಷ್ಟೆಂದು ಮಾತ್ರ ಕೇಳುತ್ತಾರೆ. ಬದಲಾವಣೆ ಮಾಡುವ ಮೊದಲು ನಮಗೆ ತಿಳಿಸುತ್ತೀರಾ, ಬೇಡವೆಂದರೆ ಕೆಲವು ದಿನ ತಡೆಯುತ್ತೀರಾ, ನಮ್ಮ ಲೆಕ್ಕದ ಪ್ರತಿ ನಮ್ಮ ಕೈಗೆ ಕೊಡುತ್ತೀರಾ ಎಂಬುದನ್ನೂ ಕೇಳಿ, ಉತ್ತರವನ್ನು ಕಾಗದದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.