ನಮ್ಮ ಕೈಗೆ ತಕ್ಕ ರಾಕೆಟ್

ಮಣಿಪಾಲದಲ್ಲಿ ಆಫೀಸು ಮುಗಿಸಿ ಶಟಲ್ ಆಡಲು ಹೋಗುವವರಲ್ಲಿ ಹಲವರಿಗೆ ಆಕ್ಸೆಲ್ಸನ್ ಹಿಡಿಯುವಂಥ ಗಟ್ಟಿ ಶಾಫ್ಟಿನ ರಾಕೆಟ್ಟೇ ಬೇಕು. ಅದು ಬಾಗಬೇಕಾದರೆ ಕೈಯೂ ಅಷ್ಟೇ ಜೋರಾಗಿ ಬೀಸಬೇಕು. ನಿಧಾನವಾಗಿ ಬೀಸುವವರಿಗೆ ಬಳುಕುವ ಶಾಫ್ಟೇ ಒಳ್ಳೆಯದು. ಬಾಗಿ ಚಿಮ್ಮುವಾಗ ಅದು ತಾನೂ ಸ್ವಲ್ಪ ವೇಗ ಕೂಡಿಸುತ್ತದೆ. ಆದರೆ "ಅದು ಕಲಿಯುವವರದ್ದಲ್ವಾ ಮಾರಾಯ್ರೆ?" ಅಂತ ಮುಜುಗರ.

ಮಿತಿ ಒಪ್ಪಿಕೊಂಡರೆ ಸೋತ ಹಾಗಾ? ನಮ್ಮದೇ ಜಿಲ್ಲೆಯ ಪಡುಕೋಣೆ ಮೂಲದ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ, ಸ್ಮ್ಯಾಶ್‌ಗೆ ಹೆಸರಾದ ಲೀಮ್ ಸ್ವೀ ಕಿಂಗ್‌ರನ್ನು 15-3, 15-10ರಿಂದ ಮಣಿಸಿದ್ದು ನಾಜೂಕು ಕೈಚಳಕದಿಂದ. ತನ್ನ ಬಲ ಯಾವುದು ಅಂತ ಗೊತ್ತಿದ್ದವರ ಗೆಲುವು ಅದು.

ಮಿತಿ ತಿಳಿದ ಮೇಲೂ ಬೆಳೆಯಬಹುದು. ಬೆಳೆಯುವುದು ಶುರುವಾಗುವುದೇ ಅಲ್ಲಿಂದ. ಇನ್ನೊಬ್ಬರ ರಾಕೆಟ್ ಹಿಡಿದರೆ ನೋಯುವುದು ನಮ್ಮದೇ ಭುಜ.