ಬಾಣಂತಿಯ ಮಾತಿಗೆ ಕಿವಿಗೊಡೋಣ



ಸೋಮವಾರ ಮತ್ತು ಶನಿವಾರ ನಾವು ಧ್ಯಾನಿಸುವ ಜಪಸರದ ಎರಡನೆಯ ರಹಸ್ಯವನ್ನು ನೆನೆಯಿರಿ. ಎಲಿಜಬೇತಮ್ಮನವರಿಗೆ ಆರು ತಿಂಗಳೆಂದು ದೇವದೂತರಿಂದ ಕೇಳಿದೊಡನೆ ಮಾತೆ ಮರಿಯಮ್ಮನವರು ಯೂದೇಯದ ಬೆಟ್ಟದ ಸೀಮೆಗೆ ಅವಸರವಾಗಿ ಹೊರಟರು. ಸುಮಾರು ಮೂರು ತಿಂಗಳು ಅಲ್ಲಿಯೇ ಉಳಿದರು. ತಾವೂ ಗರ್ಭಿಣಿಯೇ! ವಯಸ್ಸು ಮೀರಿದ ಚೊಚ್ಚಲ ಬಸುರಿಯ ಬಳಿ ಒಬ್ಬರಿರಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಅಮೆರಿಕ ದೇಶದ ಲೆಕ್ಕವೊಂದು ನನ್ನನ್ನು ಕಾಡುತ್ತಿದೆ. 2023ರಲ್ಲಿ ಅಲ್ಲಿ ಜೀವಂತ ಹುಟ್ಟಿದ ಪ್ರತಿ 1 ಲಕ್ಷ ಮಕ್ಕಳಿಗೆ 14.5ರಂತೆ ಬಿಳಿಯ ತಾಯಂದಿರೂ 50.3ರಂತೆ ಕಪ್ಪು ತಾಯಂದಿರೂ ತೀರಿಕೊಂಡರು. ಬಡತನ, ವಿಮೆಯಿಲ್ಲದಿರುವುದು, ಹೆರಿಗೆ ವಿಭಾಗ ಮುಚ್ಚಿಹೋದ ಊರುಗಳು, ಇವೆಲ್ಲ ಕಾರಣಗಳೇ. ಆದರೆ ಹಣವೊಂದೇ ಕಾಯುವುದಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್‌ ಅವರಿಗೆ ಸಿಸೇರಿಯನ್ ಆಗಿ ಹೆಣ್ಣುಮಗು ಹುಟ್ಟಿತು. ಮರುದಿನ ಉಸಿರಾಡುವುದೇ ಕಷ್ಟವಾಯಿತು. ಹಿಂದೊಮ್ಮೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ನರಳಿದ್ದ ಆಕೆ, ಸ್ಕ್ಯಾನ್ ಮಾಡಿ, ಹೆಪ್ಪು ತಡೆಯುವ ಮದ್ದು ಕೊಡಿ ಎಂದರು. ನೋವಿನ ಮದ್ದಿನಿಂದ ಬುದ್ಧಿ ಮಂಕಾಗಿದೆಯೆಂದು ನರ್ಸ್ ಎಣಿಸಿದರಂತೆ. ಮೊದಲು ಕಾಲುಗಳನ್ನು ಪರೀಕ್ಷಿಸಿದರು, ಏನೂ ಸಿಗಲಿಲ್ಲ. ಕೊನೆಗೆ ಆಕೆ ಕೇಳಿದ ಸ್ಕ್ಯಾನನ್ನೇ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳು ಕಂಡವು. ಲೋಕವೇ ಬಲ್ಲ ಹೆಂಗಸು ಇಷ್ಟು ಹಠ ಹಿಡಿಯಬೇಕಾಯಿತು. ಯಾರೂ ಅರಿಯದ ಕಪ್ಪು ಬಾಣಂತಿಯ ಗತಿಯೇನು?

ಬೆರಳು ತೋರಿಸುವ ಮುನ್ನ ಆತ್ಮಶೋಧನೆ ಮಾಡಿಕೊಳ್ಳೋಣ. ನಮ್ಮ ಧರ್ಮಸಭೆಯ ಕಟ್ಟಳೆಯೇ ಒಂದು ಕಾಲದಲ್ಲಿ ಹೆರಿಗೆ ಕೋಣೆಯ ಬಾಗಿಲಿಗೆ ಅಡ್ಡವಾಗಿತ್ತು. ಕನ್ಯಾಸ್ತ್ರೀಯರು ಹೆರಿಗೆ ಮಾಡಿಸಕೂಡದಾಗಿತ್ತು. ರಾವಲ್ಪಿಂಡಿಯಲ್ಲಿ ಗೋಷಾದಲ್ಲಿದ್ದ ಮುಸ್ಲಿಂ ಸ್ತ್ರೀಯರು ಗಂಡು ವೈದ್ಯರಿಗೆ ತೋರಿಸಿಕೊಳ್ಳಲಾರದೆ ಪ್ರಾಣಬಿಡುತ್ತಿದ್ದರು. ಸ್ಕಾಟ್ಲೆಂಡಿನ ಡಾಕ್ಟರ್ ಆಗ್ನೆಸ್ ಮೆಕ್‌ಲಾರೆನ್ ಈ ಕಟ್ಟಳೆ ತೆಗೆಯಿರೆಂದು ರೋಮ್‌ಗೆ ಮೊರೆಯಿಟ್ಟರು. ಫಲ ಕಾಣದೆ 1913ರಲ್ಲಿ ತೀರಿಕೊಂಡರು. ಅವರ ದಾರಿ ಹಿಡಿದ ಆಸ್ಟ್ರಿಯದ ಆನ್ನಾ ಡೆಂಗೆಲ್ 1920ರಲ್ಲಿ ವೈದ್ಯೆಯಾಗಿ ಅಲ್ಲಿಗೆ ಬಂದರು, 1925ರಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಂಸ್ಥೆ ಕಟ್ಟಿದರು. ರೋಮ್ ಅನುಮತಿ ಕೊಟ್ಟದ್ದು 1936ರಲ್ಲಿ. ಕೆಟ್ಟ ಮನಸ್ಸಿನ ಕಟ್ಟಳೆಯಲ್ಲ ಅದು, ಶೀಲದ ಕಾಳಜಿಯಿಂದ ಬಂದದ್ದು. ಸತ್ತ ತಾಯಂದಿರಿಗೆ ಅದರಿಂದೇನು?

ನಿಮ್ಮ ಧರ್ಮಕೇಂದ್ರದ ಎಲ್ಲೆಯಲ್ಲೇ, ತೋಟದ ಲೈನ್ ಮನೆಯಲ್ಲೋ ಕಟ್ಟಡ ಕೆಲಸದವರ ಶೆಡ್ಡಿನಲ್ಲೋ, ಬೇರೆ ಭಾಷೆಯ ಬಸುರಿಯೊಬ್ಬಳು ಇರಬಹುದು. ಆಸ್ಪತ್ರೆಯ ಚೀಟಿ ಓದಲು ಬಾರದು, ಎಲ್ಲಿ ನೋವೆಂದು ಕನ್ನಡದಲ್ಲಿ ಹೇಳಲೂ ಬಾರದು. "ಈ ಜನರದ್ದು ಯಾವಾಗಲೂ ಇದೇ ಗೋಳು" ಎಂದು ನಾವೂ ಅಂದಿಲ್ಲವೇ? ಅವಳಿಗೆ ತಾಯಿ ಕಾರ್ಡು ಆಗಿದೆಯೇ ಎಂದು ಈ ವಾರ ವಿಚಾರಿಸಿರಿ. ಮುಂದಿನ ತಪಾಸಣೆಯ ದಿನ ಅವಳೊಡನೆ ಬಸ್ಸು ಹತ್ತಿರಿ. ಸಾಲಿನಲ್ಲಿ ಅವಳನ್ನು ಹಿಂದಕ್ಕೆ ತಳ್ಳಿದರೆ ಪಕ್ಕದಲ್ಲಿ ನಿಂತು, "ಡಾಕ್ಟರೇ, ಇವಳು ಹೇಳುವುದನ್ನು ಸ್ವಲ್ಪ ಕೇಳಿ" ಎನ್ನಿರಿ.