ಶನಿವಾರದ ಬಟವಾಡೆ

ಕೊಡಬೇಕಾದ ಹಣ ಕೊಡದಿರುವುದು ಮೋಸ, ಸರಿ. ತಡಮಾಡಿ ಕೊಡುವುದು?

ಬಿಲ್ಲು ಹಿಡಿದು ಬಂದ ಸಣ್ಣ ಗುತ್ತಿಗೆದಾರನಿಗೆ ಲೆಕ್ಕದ ಗುಮಾಸ್ತರು, "ಸಾಹೇಬರ ಸಹಿ ಆಗಿಲ್ಲ, ಸೋಮವಾರ ಬನ್ನಿ" ಎನ್ನುತ್ತಾರೆ. ಯಾವ ಸೋಮವಾರ ಎಂದು ಮಾತ್ರ ಹೇಳುವುದಿಲ್ಲ! ಪಾಪ, ಸಹಿ ಅವರ ಕೈಯಲ್ಲಿಲ್ಲ, ಬೈಗುಳವೆಲ್ಲ ಅವರಿಗೇ.

ನೋಂದಾಯಿಸಿದ ಸಣ್ಣ ಉದ್ಯಮಗಳ ಬಾಕಿ ತೀರಿಸಲು 2006ರ ಕಾಯಿದೆ ಹೆಚ್ಚೆಂದರೆ 45 ದಿನ ಕೊಡುತ್ತದೆ. ಗಾರೆ ಹೊರುವ ಹೆಣ್ಣುಮಗಳ ಒಲೆ ಶನಿವಾರದ ಬಟವಾಡೆಯನ್ನು ದಾಟಿ ಕಾಯುವುದಿಲ್ಲ. ಮೇಸ್ತ್ರಿ ಬಡ್ಡಿಗೆ ತಂದು ಕೊಡುತ್ತಾನೆ. ಆ ಬಡ್ಡಿ ಯಾರ ಲೆಕ್ಕದ ಪುಸ್ತಕದಲ್ಲೂ ಕಾಣದು.

ಮನೆ ಕಟ್ಟಿಸುವವರೂ ಕೊನೆಯ ಕಂತು ಹಿಡಿದಿಡುವುದುಂಟು. ಕೆಲಸ ಕೆಟ್ಟಿದ್ದರೆ ಅದು ನ್ಯಾಯ. ಕೆಟ್ಟಿಲ್ಲದಿದ್ದರೆ, ನನಗನ್ನಿಸುವಂತೆ, ಅದು ಬಡವನಿಂದ ಕೇಳದೆ ತೆಗೆದ ಸಾಲ. ಕೇಳದೆ ತೆಗೆದದ್ದಕ್ಕೆ ಇನ್ನೊಂದು ಹೆಸರಿದೆ. ಒಂದನೆಯ ತರಗತಿಯ ಮಗುವೂ ಅದನ್ನು ಹೇಳಬಲ್ಲದು.